ಕಾರ್ಪೊರೇಟರ್ ಅಜ್ಜಿಯ ನೋಟ್‌ಬುಕ್

ಬೆಳಿಗ್ಗೆ ಆರಕ್ಕೆ ಗೇಟಿನ ಚಿಲಕ ಸದ್ದಾದರೆ ಮೊಮ್ಮಗಳು ಈಗಲೂ ಕೇಳುತ್ತಾಳೆ: “ಅಜ್ಜಿ, ನೀರಾ, ಕಸಾನಾ?”

ಯಲಹಂಕದ ಕಡೆಯ ಒಂದು ವಾರ್ಡಿಗೆ ನಾನು ಐದು ವರ್ಷ ಕಾರ್ಪೊರೇಟರ್ ಆಗಿದ್ದೆ. 2015ರ ಆಗಸ್ಟ್‌ನಲ್ಲಿ ಗೆದ್ದೆ, 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು.

ಮಕ್ಕಳೇ, ಯಲಹಂಕಕ್ಕೆ ಮೊದಲು ತನ್ನದೇ ನಗರಸಭೆ ಇತ್ತು. 2007ರಲ್ಲಿ ಅದು, ಬ್ಯಾಟರಾಯನಪುರ, ದಾಸರಹಳ್ಳಿ ಎಲ್ಲ ಬೆಂಗಳೂರಿಗೆ ಸೇರಿ ಬಿಬಿಎಂಪಿ ಆಯಿತು. ನಮ್ಮ ಕಾಲಕ್ಕೆ 198 ವಾರ್ಡು, ವಾರ್ಡಿಗೊಬ್ಬರು ಸದಸ್ಯರು. ಚರಂಡಿ, ಕಸ, ಬೀದಿದೀಪ, ಪಾರ್ಕು ಪಾಲಿಕೆಯ ಕೆಲಸ. ನೀರು ಜಲಮಂಡಳಿಯದು, ಕರೆಂಟು ಬೆಸ್ಕಾಂನದು. ಆದರೆ ಜನ ತಟ್ಟುವುದು ಮಾತ್ರ ನಮ್ಮ ಮನೆ ಬಾಗಿಲನ್ನೇ!

ಪೌರಕಾರ್ಮಿಕರ ಹಾಜರಿ ಹೊತ್ತಿಗೆ ಹೋಗಿ ನಿಂತರೆ, ಯಾವ ಬೀದಿಗೆ ಕಸದ ಆಟೋ ಬಂದಿಲ್ಲ ಎಂಬುದು ಅಲ್ಲೇ ತಿಳಿಯುತ್ತಿತ್ತು. ಮನೆಗೆ ಬಂದರೆ ಆಧಾರ್‌ಗೆ ವಿಳಾಸದ ಪತ್ರ ಬೇಕೆನ್ನುವವರು, ಸಂಧ್ಯಾ ಸುರಕ್ಷಾ ಪಿಂಚಣಿ ಕೇಳಿಕೊಂಡು ಬಂದ ಅಜ್ಜಂದಿರು. ಅದು ನಾಡಕಚೇರಿಯ ಕೆಲಸ. ಆದರೂ ಅರ್ಜಿ ತುಂಬಿಕೊಟ್ಟೇ ಕಳಿಸುತ್ತಿದ್ದೆ. ಉಪ್ಪಿಟ್ಟು ಮಾತ್ರ ದಿನವೂ ಆರಿಹೋಗುತ್ತಿತ್ತು.

ಎಲ್ಲವನ್ನೂ ನೀಲಿ ನೋಟ್‌ಬುಕ್ಕಿನಲ್ಲಿ ಬರೆದು, ಕೆಲಸ ಮುಗಿದರೆ ಟಿಕ್ ಹಾಕುತ್ತಿದ್ದೆ. ಪಾರ್ಕಿನ ಮೂಲೆಯ ದೀಪ ಉರಿಯುತ್ತಿಲ್ಲ ಎಂದು ನಿವೃತ್ತ ಮೇಷ್ಟ್ರೊಬ್ಬರು ಮೂರು ಸಲ ಹೇಳಿದ್ದರು. ಗುತ್ತಿಗೆದಾರರಿಗೆ ಫೋನ್ ಮಾಡಿದೆ. “ಆಯ್ತು ಮೇಡಂ” ಅಂದರು. ಟಿಕ್ ಹಾಕಿದೆ.

ಒಂದು ಮಳೆ ರಾತ್ರಿ ಅದೇ ಕತ್ತಲೆಯಲ್ಲಿ, ಸರಿದಿದ್ದ ಚರಂಡಿ ಚಪ್ಪಡಿಯ ಸಂದಿಯಲ್ಲಿ ಮೇಷ್ಟ್ರ ಕಾಲು ಸಿಕ್ಕಿ ಮೂಳೆ ಮುರಿಯಿತು. ಆಸ್ಪತ್ರೆಗೆ ಹೋದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಮೆಲ್ಲಗೆ ಕೇಳಿದ್ದು ಇಷ್ಟೇ: “ನೋಡಿ ಬಂದು ಟಿಕ್ ಹಾಕಿದ್ರೇನಮ್ಮಾ, ಕೇಳಿ ಹಾಕಿದ್ರಾ?”

ಆ ಹಾಳೆಯನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಆಮೇಲೆ ದೀಪದ ದೂರು ಬಂದರೆ ರಾತ್ರಿ ಊಟವಾದ ಮೇಲೆ ನಾನೇ ನಡೆದು ಹೋಗಿ ನೋಡುತ್ತಿದ್ದೆ. ಚಪ್ಪಡಿ ಕೂರಿಸಿ, ಮೂಲೆ ದೀಪ ಹತ್ತಿದ ವಾರವೇ ಅದರ ಕೆಳಗೆ ಹುಡುಗಿಯರು ಕುಂಟೆಬಿಲ್ಲೆ ಗೆರೆ ಎಳೆದರು. ಮೇಷ್ಟ್ರು ಕೋಲೂರಿಕೊಂಡು ಬಂದು ಕಲ್ಲುಬೆಂಚಿನ ಮೇಲೆ ಕೂತು ಆಟ ನೋಡಿದರು. ಶಾಲು, ಹಾರ ಬೇಕಾದಷ್ಟು ಸಿಕ್ಕಿವೆ. ಯಾವುದು ಯಾರದ್ದೆಂದು ನೆನಪಿಲ್ಲ. ಆ ಸಂಜೆ ನೆನಪಿದೆ.

ನಮ್ಮ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ಪಾಲಿಕೆಗಳಾಯಿತು. ನನ್ನ ಹತ್ತಿರ ಈಗ ಮೊಹರಿಲ್ಲ, ಲೆಟರ್‌ಹೆಡ್ಡೂ ಇಲ್ಲ. ಚಿಲಕದ ಸದ್ದು ಮಾತ್ರ ನಿಂತಿಲ್ಲ.

ನಿನ್ನೆ ಎರಡನೇ ಕ್ಲಾಸಿನ ಪುಟ್ಟನೊಬ್ಬ ಬಂದಿದ್ದ. “ಅಜ್ಜಿ, ಪಾರ್ಕ್ ದೀಪ ಕಣ್ಣು ಮಿಟುಕಿಸ್ತಿದೆ.”

ಚಪ್ಪಲಿ ಮೆಟ್ಟಿಕೊಂಡು ಅವನ ಜೊತೆ ಹೊರಟೆ.