ಒಂದೇ ತಂತಿ, ನಾನಾ ನಾದ

ಕನ್ನಡದಲ್ಲಿ ‘ನಾನಾ’ ಎಂದರೆ ಹಲವು ಬಗೆಯ ಎಂದರ್ಥ. ಸೊಲ್ಲಾಪುರ, ಜತ್ತ, ಅಕ್ಕಲಕೋಟೆಯ ಸದಸ್ಯರಿಗೆ ಮರಾಠಿಯ ‘ನಾನಾ’ ಕೂಡ ಗೊತ್ತಿದೆ. ಅಲ್ಲಿ ಅದು ಹಿರಿಯರನ್ನು ಗೌರವದಿಂದ ಕರೆಯುವ ಹೆಸರು. ಬ್ರೆಜಿಲ್ ದೇಶದ ತಾಳವಾದ್ಯ ಕಲಾವಿದ ನಾನಾ ವಾಸ್ಕೊನ್ಸೆಲೊಸ್ ಅವರಿಗೂ ನಮ್ಮ ಭಾಷೆಗಳಿಗೂ ಯಾವ ನಂಟೂ ಇಲ್ಲ. ಆದರೂ ಈ ಎರಡು ಅರ್ಥಗಳೂ ಅವರಿಗೆ ಚೆನ್ನಾಗಿ ಒಪ್ಪುತ್ತವೆ. ಈ ಬಾರಿ ಅವರನ್ನು ಪರಿಚಯಿಸಲು ನಮಗೆ ಒಂದು ಕಾರಣವಿದೆ. ಹೊರನಾಡಿನಲ್ಲಿ ಬಾಳುವಾಗ ತನ್ನೂರಿನ ಕಲೆಯನ್ನು ಬರಿಯ ಅಲಂಕಾರವಾಗಿಸದೆ ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಗೆ ಅವರ ಬದುಕು ಒಂದು ಉತ್ತರ ಕೊಡುತ್ತದೆ.

ರೆಸಿಫೆಯ ಹುಡುಗ

ಅವರ ಪೂರ್ಣ ಹೆಸರು ಜುವೆನಾಲ್ ದಿ ಹೊಲಾಂಡಾ ವಾಸ್ಕೊನ್ಸೆಲೊಸ್. ಹುಟ್ಟಿದ್ದು 1944ರ ಆಗಸ್ಟ್ 2ರಂದು, ಬ್ರೆಜಿಲಿನ ಈಶಾನ್ಯ ಕರಾವಳಿಯ ರೆಸಿಫೆ ನಗರದಲ್ಲಿ. ಇದು ಪೆರ್ನಾಂಬುಕೊ ರಾಜ್ಯದ ರಾಜಧಾನಿ. ಒಂದು ಕಾಲಕ್ಕೆ ಕಬ್ಬಿನ ತೋಟಗಳಲ್ಲಿ ದುಡಿಸಲು ಆಫ್ರಿಕಾದಿಂದ ಗುಲಾಮರನ್ನು ಹಡಗುಗಟ್ಟಲೆ ತಂದಿಳಿಸಿದ ನಾಡು. ಬ್ರೆಜಿಲಿನಲ್ಲಿ ಗುಲಾಮಗಿರಿ ರದ್ದಾಗಿದ್ದು 1888ರಲ್ಲಿ. ಅಷ್ಟರಲ್ಲಿ ಆ ಜನರ ಡೋಲು, ಕುಣಿತ, ಮೆರವಣಿಗೆ ಎಲ್ಲವೂ ಆ ಮಣ್ಣಿನಲ್ಲಿ ಬೇರುಬಿಟ್ಟಿದ್ದವು. ರೆಸಿಫೆಯ ‘ಮರಕಾತು’ ಅಂಥದೊಂದು ಪರಂಪರೆ. ರಾಜ ರಾಣಿಯರ ವೇಷ ತೊಟ್ಟವರನ್ನು ಮುಂದಿಟ್ಟುಕೊಂಡು, ಹಗ್ಗದಿಂದ ಬಿಗಿದ ದೊಡ್ಡ ಮರದ ಡೋಲುಗಳನ್ನೂ ಕಬ್ಬಿಣದ ಗಂಟೆಯನ್ನೂ ಬಾರಿಸುತ್ತಾ ಬೀದಿಯಲ್ಲಿ ಸಾಗುವ ಮೆರವಣಿಗೆ ಅದು.

ನಾನಾ ಅವರ ತಂದೆ ಗಿಟಾರ್ ವಾದಕರು. 12ನೆಯ ವಯಸ್ಸಿಗೇ ಹುಡುಗ ತಂದೆಯ ತಂಡದಲ್ಲಿ ಬಾಂಗೊ ನುಡಿಸತೊಡಗಿದ. 1960ರ ದಶಕದ ಕೊನೆಯ ಹೊತ್ತಿಗೆ ರಿಯೊ ಡಿ ಜನೈರೊ ಸೇರಿ, ಆಗಷ್ಟೇ ಹೆಸರು ಮಾಡುತ್ತಿದ್ದ ಗಾಯಕ ಮಿಲ್ಟನ್ ನಾಸಿಮೆಂಟೊ ಅವರ ಜೊತೆ ನುಡಿಸಿದರು. ದೇಶದಲ್ಲಿ 1964ರಿಂದ ಸೇನಾಡಳಿತವಿತ್ತು. 1968ರ ಡಿಸೆಂಬರಿನ ನಂತರ ಅದರ ಹಿಡಿತ ಇನ್ನೂ ಬಿಗಿಯಾಯಿತು. ಗಾಯಕರಾದ ಜಿಲ್ಬೆರ್ಟೊ ಜಿಲ್, ಕಯೆಟಾನೊ ವೆಲೊಸೊ ಬಂಧನಕ್ಕೊಳಗಾಗಿ ಲಂಡನ್ನಿಗೆ ಹೋಗಬೇಕಾಯಿತು. ಆ ವರ್ಷಗಳಲ್ಲಿ ಬ್ರೆಜಿಲಿನ ಅನೇಕ ಸಂಗೀತಗಾರರು ಹೊರದೇಶಗಳ ದಾರಿ ಹಿಡಿದರು. ಕೆಲವರು ಭಯದಿಂದ, ಕೆಲವರು ಅವಕಾಶ ಹುಡುಕಿಕೊಂಡು. ನಾನಾ ಅವರಿಗೆ ದಾರಿ ತೆರೆದದ್ದು ಅರ್ಜೆಂಟೀನಾದ ಸ್ಯಾಕ್ಸೊಫೋನ್ ವಾದಕ ಗಾಟೊ ಬಾರ್ಬಿಯೆರಿ. ಅವರ ತಂಡದೊಡನೆ ನ್ಯೂಯಾರ್ಕ್, ಯುರೋಪ್ ಸುತ್ತಿ, ನಾನಾ ಪ್ಯಾರಿಸ್ಸಿನಲ್ಲಿ ಉಳಿದುಕೊಂಡರು.

ಬೆರಿಂಬೌ ಎಂಬ ವಾದ್ಯ

ಹೊರಡುವಾಗ ಅವರ ಬಳಿ ಇದ್ದ ಮುಖ್ಯ ಆಸ್ತಿ ಬೆರಿಂಬೌ. ನಮ್ಮ ತತ್ವಪದದವರ ಏಕತಾರಿ ಕಂಡವರಿಗೆ ಇದನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಏಕತಾರಿಯಲ್ಲಿರುವಂತೆ ಇಲ್ಲಿಯೂ ಒಂದೇ ತಂತಿ, ಒಂದೇ ಸೋರೆಬುರುಡೆ. ಆದರೆ ರೂಪ ಬಿಲ್ಲಿನದು. ಆಳೆತ್ತರಕ್ಕೆ ತುಸು ಕಡಿಮೆಯಿರುವ ಒಂದು ಗಟ್ಟಿ ಕೋಲನ್ನು ಬಾಗಿಸಿ ಉಕ್ಕಿನ ತಂತಿ ಬಿಗಿಯುತ್ತಾರೆ. ಹಳೆಯ ಟೈರುಗಳೊಳಗಿನ ತಂತಿಯನ್ನು ಎಳೆದು ಬಳಸುವುದೇ ಹೆಚ್ಚು. ಬಿಲ್ಲಿನ ಕೆಳಭಾಗಕ್ಕೆ ಬಾಯಿ ತೆರೆದ ಒಣ ಬುರುಡೆಯನ್ನು ದಾರದಿಂದ ಕಟ್ಟುತ್ತಾರೆ.

ಎಡಗೈ ಕಿರುಬೆರಳಿನ ಮೇಲೆ ಇಡೀ ಬಿಲ್ಲಿನ ಭಾರ ನಿಲ್ಲುತ್ತದೆ. ಅದೇ ಕೈಯಲ್ಲಿ ಒಂದು ನಾಣ್ಯ ಅಥವಾ ನುಣ್ಣನೆಯ ಕಲ್ಲು. ಬಲಗೈಯಲ್ಲಿ ತೆಳುವಾದ ಕಡ್ಡಿ, ಜೊತೆಗೆ ಬೀಜ ತುಂಬಿದ ಪುಟ್ಟ ಬುಟ್ಟಿ. ಕಡ್ಡಿಯಿಂದ ತಂತಿಗೆ ಹೊಡೆದಾಗ ಒಂದು ಸ್ವರ. ನಾಣ್ಯ ಒತ್ತಿ ಹೊಡೆದಾಗ ತುಸು ಮೇಲಿನ ಸ್ವರ. ನಾಣ್ಯವನ್ನು ಮೆಲ್ಲಗೆ ತಾಗಿಸಿದರೆ ಝೇಂಕಾರ. ಬುರುಡೆಯ ಬಾಯನ್ನು ಹೊಟ್ಟೆಗೆ ಒತ್ತಿದರೆ ದನಿ ಮುಚ್ಚುತ್ತದೆ, ಸರಿಸಿದರೆ ತೆರೆಯುತ್ತದೆ. ಎಲ್ಲ ಸೇರಿ ನೋಡಿದರೂ ಮೂಲ ಸ್ವರಗಳು ಎರಡೇ.

ಆಫ್ರಿಕಾದ ಬಿಲ್ಲುವಾದ್ಯಗಳಿಂದ ಬೆಳೆದ ಬೆರಿಂಬೌ, ಬ್ರೆಜಿಲಿನಲ್ಲಿ ಕಾಪೊಯೆರಾದ ಜೊತೆಗಾತಿ. ಕಾಪೊಯೆರಾ ಎಂದರೆ ಕುಣಿತ ಮತ್ತು ಕಾಳಗ ಎರಡೂ ಬೆರೆತ ವಿದ್ಯೆ. 1890ರ ಕಾನೂನು ಅದನ್ನು ಅಪರಾಧವೆಂದೇ ಘೋಷಿಸಿತ್ತು. ಆಟಗಾರರ ವೃತ್ತದಲ್ಲಿ ವೇಗ ಏರಬೇಕೇ ಇಳಿಯಬೇಕೇ ಎಂದು ತೀರ್ಮಾನಿಸುವುದು ಬೆರಿಂಬೌ. ನಾನಾ ಮಾಡಿದ್ದು ಇಷ್ಟು: ಆಟಕ್ಕೆಂದು ಕಟ್ಟಿದ್ದ ಬಡಿತಗಳಿಂದ ವಾದ್ಯವನ್ನು ಹೊರಗೆ ತಂದು, ಅದು ಒಂಟಿಯಾಗಿಯೂ ಕಥೆ ಹೇಳಬಲ್ಲದು ಎಂದು ತೋರಿಸಿದರು. ತಂತಿಯ ಮೇಲೆ ಕಡ್ಡಿ ತಾಗುವ ಜಾಗ ಬದಲಿಸಿದರು, ಕೋಲಿಗೂ ಬುರುಡೆಗೂ ತಟ್ಟಿದರು, ಬಾಯಿಂದ ದನಿ ಸೇರಿಸಿದರು.

ಒಗ್ಗರಣೆಯಲ್ಲ, ಊಟ

ಆ ಕಾಲದ ಪಾಶ್ಚಾತ್ಯ ತಂಡಗಳಲ್ಲಿ ಬ್ರೆಜಿಲಿನ ತಾಳವಾದ್ಯಗಾರರಿಗೆ ಬೇಡಿಕೆ ಹೆಚ್ಚುತ್ತಿತ್ತು. 1970ರ ಆಸುಪಾಸಿನಲ್ಲಿ ಐರ್ಟೊ ಮೊರೇರಾ ಅವರು ಮೈಲ್ಸ್ ಡೇವಿಸ್ ತಂಡದಲ್ಲಿ ನುಡಿಸಿ ದಾರಿ ಮಾಡಿಕೊಟ್ಟಿದ್ದರು. ಆದರೆ ಈ ಬೇಡಿಕೆಗೆ ಒಂದು ಮಿತಿ ಇತ್ತು. ಹಾಡು ಬೇರೆಯವರದು, ಮುಖ್ಯ ಡ್ರಮ್ಸ್ ಬೇರೆಯವರದು. ತಾಳವಾದ್ಯಗಾರನ ಕೆಲಸ ಅಲ್ಲಲ್ಲಿ ಬಣ್ಣ ಹಚ್ಚುವುದು. ನಾನಾ ಈ ಕೆಲಸವನ್ನೂ ಮಾಡಿದರು, ಅದರಲ್ಲಿಯೇ ಉಳಿಯಲಿಲ್ಲ.

ಪ್ಯಾರಿಸ್ಸಿನಲ್ಲಿ ಅವರು ಮಾನಸಿಕ ತೊಂದರೆಯಿದ್ದ ಮಕ್ಕಳ ಜೊತೆ ಸಂಗೀತದ ಮೂಲಕ ಕೆಲಸ ಮಾಡಿದರು. ತಮ್ಮದೇ ಹೆಸರಿನ ಮೊದಲ ಧ್ವನಿಮುದ್ರಿಕೆ ‘ಆಫ್ರಿಕಾದೇಯುಸ್’ ಅನ್ನು ಹೊರತಂದರು. 1976ರ ನವೆಂಬರಿನಲ್ಲಿ ಓಸ್ಲೊದಲ್ಲಿ ಬ್ರೆಜಿಲಿನ ಗಿಟಾರ್ ಮತ್ತು ಪಿಯಾನೊ ವಾದಕ ಎಗ್ಬೆರ್ಟೊ ಜಿಸ್ಮೊಂಟಿ ಅವರೊಡನೆ ಜರ್ಮನಿಯ ಇಸಿಎಂ ಸಂಸ್ಥೆಗಾಗಿ ‘ದಾನ್ಸಾ ದಾಸ್ ಕಬೆಸಾಸ್’ ಧ್ವನಿಮುದ್ರಣವಾಯಿತು. ಇಬ್ಬರು ಹುಡುಗರು ದಟ್ಟ ಕಾಡಿನಲ್ಲಿ ಸಾಗುತ್ತಿದ್ದಾರೆ ಎಂಬ ಕಲ್ಪನೆಯಿಂದ ಹುಟ್ಟಿದ ಸಂಗೀತ ಅದು. ಹಕ್ಕಿ, ಕೀಟ, ಮಳೆಯ ಸದ್ದುಗಳನ್ನು ನಾನಾ ಕೈಯಿಂದ, ಬಾಯಿಂದ ಎಬ್ಬಿಸುತ್ತಾರೆ. ಮೊದಲ ವಾದ್ಯ ಕಂಠ, ಎಲ್ಲಕ್ಕಿಂತ ಉತ್ತಮ ವಾದ್ಯ ದೇಹ ಎಂಬುದು ಅವರು ಮತ್ತೆ ಮತ್ತೆ ಹೇಳುತ್ತಿದ್ದ ಮಾತು.

1979ರಲ್ಲಿ ‘ಸೌದಾದೆಸ್’ ಧ್ವನಿಮುದ್ರಣವಾಯಿತು. ಪೋರ್ಚುಗೀಸಿನ ಈ ಪದಕ್ಕೆ ದೂರವಿರುವುದನ್ನು ನೆನೆದು ಕೊರಗುವ ಹಂಬಲ ಎನ್ನಬಹುದು. ಅದರ ಮೊದಲ ರಚನೆಯಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್ ರೇಡಿಯೊ ಸಿಂಫನಿ ವಾದ್ಯವೃಂದದ ಪಿಟೀಲುಗಳ ಎದುರು ಬೆರಿಂಬೌ ನಿಂತಿದೆ. ಟೈರಿನ ತಂತಿ, ಸೋರೆಬುರುಡೆಯ ವಾದ್ಯ ಮುಂದೆ. ಯುರೋಪಿನ ವಾದ್ಯವೃಂದ ಹಿಂದೆ. ಒಗ್ಗರಣೆಗೆಂದು ಕರೆಸಿಕೊಳ್ಳುತ್ತಿದ್ದ ಸದ್ದು ಇಲ್ಲಿ ಊಟವೇ ಆಯಿತು.

ಇದೇ ಹೊತ್ತಿಗೆ ‘ಕೊಡೊನಾ’ ತಂಡ ಹುಟ್ಟಿತು. ಕಾಲಿನ್ ವಾಲ್ಕಾಟ್, ಡಾನ್ ಚೆರಿ, ನಾನಾ – ಮೂವರ ಹೆಸರಿನ ಮೊದಲ ಅಕ್ಷರಗಳು ಕೂಡಿ ತಂಡದ ಹೆಸರಾಯಿತು. ಚೆರಿ ಅಮೆರಿಕದ ತುತ್ತೂರಿ ವಾದಕ. ವಾಲ್ಕಾಟ್ ಕೂಡ ಅಮೆರಿಕದವರೇ. ರವಿಶಂಕರ್ ಅವರಲ್ಲಿ ಸಿತಾರ್, ಅಲ್ಲಾ ರಖಾ ಅವರಲ್ಲಿ ತಬಲಾ ಕಲಿತವರು. ತಬಲಾ, ಸಿತಾರ್, ಬೆರಿಂಬೌ, ತುತ್ತೂರಿ ಒಂದೆಡೆ ಕೂತರೂ ಯಾವುದೂ ಇನ್ನೊಂದರ ಅಡಿಯಾಳಾಗದ ಸಂಗೀತ ಅದು. 1979, 1981, 1983ರಲ್ಲಿ ಮೂರು ಧ್ವನಿಮುದ್ರಿಕೆಗಳು ಬಂದವು. 1984ರ ನವೆಂಬರಿನಲ್ಲಿ ಪೂರ್ವ ಜರ್ಮನಿಯಲ್ಲಿ ನಡೆದ ರಸ್ತೆ ಅಪಘಾತದಲ್ಲಿ ವಾಲ್ಕಾಟ್ ತೀರಿಕೊಂಡರು. ಆ ಅಧ್ಯಾಯ ಮುಗಿಯಿತು.

ಮುಂದೆ ಗಿಟಾರ್ ವಾದಕ ಪ್ಯಾಟ್ ಮೆಥಿನಿ, ನಾರ್ವೆಯ ಸ್ಯಾಕ್ಸೊಫೋನ್ ವಾದಕ ಯಾನ್ ಗಾರ್ಬರೆಕ್, ರಾಕ್ ತಂಡ ಟಾಕಿಂಗ್ ಹೆಡ್ಸ್ – ಹೀಗೆ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದವರ ಜೊತೆ ನುಡಿಸಿದರು. ಅಮೆರಿಕದ ಜಾಝ್ ಪತ್ರಿಕೆ ‘ಡೌನ್ ಬೀಟ್’ನ ವಿಮರ್ಶಕರು 1980ರ ದಶಕದಲ್ಲಿ ಹಲವು ವರ್ಷ ಅವರನ್ನೇ ಉತ್ತಮ ತಾಳವಾದ್ಯಗಾರನೆಂದು ಆರಿಸಿದರು. ಎಲ್ಲಿ ಹೋದರೂ ಅವರು ಅಲ್ಲಿಯ ಶೈಲಿಯನ್ನು ಅನುಕರಿಸಲಿಲ್ಲ. ಎದುರಿನವರ ಸಂಗೀತವನ್ನು ಕಿವಿಗೊಟ್ಟು ಕೇಳಿ, ರೆಸಿಫೆಯ ಲಯದಿಂದಲೇ ಉತ್ತರ ಕೊಟ್ಟರು. ನಾವು ಬಹುಮುಖ ಪ್ರತಿಭೆ ಎನ್ನುವಾಗ ಹತ್ತು ವಿದ್ಯೆ ಬಲ್ಲವರನ್ನು ನೆನೆಯುತ್ತೇವೆ. ನಾನಾ ಅವರದು ಬೇರೆ ಬಗೆ. ಒಂದನ್ನು ಆಳವಾಗಿ ಬಲ್ಲವರಾಗಿದ್ದರಿಂದಲೇ ಹತ್ತು ಕಡೆ ಸಲ್ಲಿದರು.

ಊರಿಗೆ ಮರಳಿ ಕೊಟ್ಟದ್ದು

ಹೊರದೇಶದಲ್ಲಿ ಗೆದ್ದವರು ಊರಿಗೆ ಬಂದು ಸನ್ಮಾನ ಸ್ವೀಕರಿಸುವುದು ಎಲ್ಲೆಡೆಯೂ ಇದೆ. ನಾನಾ ಮರಳಿ ಬಂದು ಕೆಲಸ ಹಿಡಿದರು. ರೆಸಿಫೆಯ ಮರಕಾತು ತಂಡಗಳನ್ನು ‘ನಾಸೊಂ’ ಅಂದರೆ ರಾಷ್ಟ್ರ ಎಂದೇ ಕರೆಯುತ್ತಾರೆ. ಒಂದೊಂದಕ್ಕೂ ತನ್ನದೇ ಬಡಿತ, ತನ್ನದೇ ಹೆಮ್ಮೆ. ಪರಸ್ಪರ ಪೈಪೋಟಿಯೂ ಅಷ್ಟೇ. ಈ ತಂಡಗಳನ್ನು ಒಟ್ಟು ಸೇರಿಸಿ, ನೂರಾರು ಡೋಲುಗಾರರ ಮುಂದೆ ನಿಂತು, ನಗರದ ನಡುವಿನ ಮಾರ್ಕೊ ಜೆರೊ ಚೌಕದಲ್ಲಿ ಕಾರ್ನಿವಲ್ ಹಬ್ಬಕ್ಕೆ ಚಾಲನೆ ಕೊಡುವುದನ್ನು ಅವರು ಸುಮಾರು 15 ವರ್ಷ ನಡೆಸಿದರು. ಅಷ್ಟೂ ತಂಡಗಳು ಒಂದೇ ಲಯಕ್ಕೆ ಬರಬೇಕಾದರೆ ವಾರಗಟ್ಟಲೆ ತಾಲೀಮು ಬೇಕು. ಬಡಾವಣೆ ಬಡಾವಣೆಗೆ ಹೋಗಿ ಒಪ್ಪಿಸಬೇಕು. ವಿದೇಶದಲ್ಲಿ ಗಳಿಸಿದ ಹೆಸರನ್ನು ಅವರು ಖರ್ಚು ಮಾಡಿದ್ದು ಇದಕ್ಕೆ.

2015ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಪತ್ತೆಯಾಯಿತು. ಆದರೂ 2016ರ ಫೆಬ್ರವರಿಯ ಕಾರ್ನಿವಲ್‌ನಲ್ಲಿ ಅವರು ಡೋಲುಗಾರರ ಮುಂದೆ ನಿಂತರು. ಮಾರ್ಚ್ 9ರಂದು, ಹುಟ್ಟಿದ ಊರಿನಲ್ಲಿಯೇ, 71ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಕೇಳಬಯಸುವ ಸದಸ್ಯರು ‘ಸೌದಾದೆಸ್’ನ ಮೊದಲ ರಚನೆಯಿಂದ ಆರಂಭಿಸಬಹುದು. ತಬಲಾ, ಸಿತಾರ್ ಬಲ್ಲವರಿಗೆ ಕೊಡೊನಾ ಹತ್ತಿರವೆನಿಸೀತು. ಮನೆಯಲ್ಲಿ ಮಕ್ಕಳಿದ್ದರೆ, 2013ರ ಬ್ರೆಜಿಲ್ ಆನಿಮೇಷನ್ ಚಿತ್ರ ‘ಹುಡುಗ ಮತ್ತು ಜಗತ್ತು’ ತೋರಿಸಿ. ಅದರ ಸಂಗೀತದಲ್ಲಿಯೂ ನಾನಾ ಇದ್ದಾರೆ.

ಇನ್ನೊಂದು ಮಾತು. ನಮ್ಮ ಗಡಿ ಊರುಗಳಲ್ಲಿಯೂ ಏಕತಾರಿ, ಚೌಡಿಕೆ, ಹಲಗೆ, ಡೊಳ್ಳು, ದುಡಿ ನುಡಿಸುವವರು ಇದ್ದಾರೆ. ಸಮಾರಂಭಗಳಲ್ಲಿ ಅವರ ಜಾಗ ಸಾಮಾನ್ಯವಾಗಿ ಮೆರವಣಿಗೆಯ ಮುಂದೆ. ಅತಿಥಿಗಳು ವೇದಿಕೆ ಏರುವ ಹೊತ್ತಿಗೆ ಅವರ ಕೆಲಸ ಮುಗಿದಿರುತ್ತದೆ. ನಿಮ್ಮ ಊರಿನಲ್ಲಿ ಮುಂದಿನ ಕಾರ್ಯಕ್ರಮದ ಪಟ್ಟಿ ಹಾಕುವಾಗ ಅಂಥ ಒಬ್ಬ ಕಲಾವಿದರಿಗೆ ವೇದಿಕೆಯ ಮೇಲೆ ಅರ್ಧ ಗಂಟೆ ಮೀಸಲಿಡಿ. ವಾದ್ಯದ ಹೆಸರೇನು, ಅದನ್ನು ಕಟ್ಟುವುದು ಹೇಗೆ, ಯಾರಿಂದ ಕಲಿತರು ಎಂಬುದನ್ನು ಅವರ ಬಾಯಿಂದಲೇ ಹೇಳಿಸಿ. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ.