ಆರನೆಯ ಹೊರೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾಗುತ್ತಲೇ ಕಂಪ್ಲಿ, ಸಂಡೂರು, ಹಂಪಿಗಳ ಎಷ್ಟೋ ಮನೆಗಳಲ್ಲಿ ಒಂದೇ ಮಾತು: "ಮಗು ಡಾಕ್ಟರಾಗಬೇಕು." ಮರುದಿನವೇ ತಂದೆ ಮಗಳೊಡನೆ ಹೊಸಪೇಟೆಯ ಬಸ್ಸನ್ನೇರುತ್ತಾನೆ. ಕಾಲೇಜಿನ ಅರ್ಜಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳ ಜೊತೆಗೆ ಗಣಿತವೂ ವಾಡಿಕೆಯಂತೆ ಸೇರುತ್ತದೆ. ಎರಡು ಭಾಷೆಗಳು ಕೂಡಿ ಒಟ್ಟು ಆರು ವಿಷಯ.

ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯಲ್ಲಿ 180 ಪ್ರಶ್ನೆ, 720 ಅಂಕ. ಜೀವಶಾಸ್ತ್ರಕ್ಕೆ 90, ಉಳಿದೆರಡಕ್ಕೆ ತಲಾ 45. ಗಣಿತದ ಪ್ರಶ್ನೆಪತ್ರಿಕೆಯೇ ಇಲ್ಲ. ಹಾಗೆಂದು ಅದು ವ್ಯರ್ಥವೇ? ಅಲ್ಲ. ಭೌತಶಾಸ್ತ್ರದ ಲೆಕ್ಕಗಳಿಗೆ ಅದು ಊರುಗೋಲು. ವೈದ್ಯಕೀಯ ಸೀಟು ಕೈತಪ್ಪಿದರೆ ಇಂಜಿನಿಯರಿಂಗಿನ ಬಾಗಿಲು ತೆರೆದಿರುತ್ತದೆ.

ಆದರೆ ಗಣಿತವೆಂದರೆ ಬೆವರುವ ಮಗುವಿಗೆ ಅದೇ ಮುಳುವಾಗಬಹುದು. ಅದರಲ್ಲಿ ನಪಾಸಾದರೆ ದ್ವಿತೀಯ ಪಿಯುಸಿಯೇ ನಪಾಸು. ಮತ್ತೆ ಬರೆದು ಪಾಸಾಗುವತನಕ ನೀಟಿನ ಅಂಕವೆಷ್ಟಿದ್ದರೂ 1961ರಲ್ಲಿ ಸ್ಥಾಪಿತವಾದ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಮೆಟ್ಟಿಲು ದೂರವೇ. ಗಣಿತದ ಬದಲು ಬೇರೊಂದು ವಿಷಯ ನೀಡುವ ಕಾಲೇಜುಗಳೂ ಉಂಟು. ಅರ್ಜಿ ತುಂಬುವ ಮೊದಲೇ ವಿಚಾರಿಸುವುದು ಲೇಸು.

ದಿನವೂ ಬಸ್ಸಿನಲ್ಲಿ ಹೋಗಿಬರುವ ಮಗುವಿಗೆ ಓದಲು ಉಳಿಯುವ ಹೊತ್ತೆಷ್ಟು? ನೆರೆಮನೆಯವರನ್ನು ಕೇಳುವ ಮುನ್ನ ತಂದೆತಾಯಿಗಳು ಮಗುವನ್ನೇ ಕೇಳಲಿ. ಹೊರೆ ಹೊರುವ ಹೆಗಲು ಅದರದಲ್ಲವೇ?