ಮನೆಯಂಗಳದ ಮಾವು

ರಾತ್ರಿಯಿಡೀ ಗಾಳಿ ಬೀಸಿದ ಮರುದಿನ ಬೆಳಗ್ಗೆ ಮಾವಿನ ಮರದಡಿಗೆ ಓಡಿದ ನೆನಪು ನಿಮಗಿದೆಯೇ? ನಮ್ಮ ಕಾಸರಗೋಡಿನ ಹಳ್ಳಿಗಳಲ್ಲಿ ಮೇ ತಿಂಗಳೆಂದರೆ ಹಾಗೆಯೇ. ಮೊದಲು ಎದ್ದವರಿಗೆ ಮೊದಲ ಹಣ್ಣು. ನಾವು ಕನ್ನಡದಲ್ಲಿ ಮಾವು ಎನ್ನುವುದನ್ನು ನೆರೆಮನೆಯ ತುಳುವರು ಕುಕ್ಕು ಎನ್ನುತ್ತಾರೆ. ಮಲೆಯಾಳದಲ್ಲಿ ಅದು ಮಾಂಙ. ಹೆಸರು ಯಾವುದಾದರೂ ಬಾಯಲ್ಲಿ ಊರುವ ನೀರು ಒಂದೇ.

ನಾವು ತಿನ್ನುವ ಮಾವಿನ ಹಣ್ಣುಗಳನ್ನು ಎರಡು ಗುಂಪಾಗಿ ವಿಂಗಡಿಸಬಹುದು. ಪೇಟೆಯಿಂದ ಬರುವ ಹಣ್ಣುಗಳದ್ದು ಒಂದು ಗುಂಪು. ಆಪೂಸು, ಬಂಗನಪಳ್ಳಿ, ನೀಲಂ, ಮಲ್ಲಿಕಾ, ಗಿಳಿಯ ಕೊಕ್ಕಿನಂತೆ ತುದಿ ಬಾಗಿದ ತೋತಾಪುರಿ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಇವುಗಳ ಹೆಸರನ್ನು ಯಾವ ಊರಿನ ಅಂಗಡಿಯಲ್ಲಿ ಹೇಳಿದರೂ ತಿಳಿಯುತ್ತದೆ. ಎರಡನೆಯದು ನಮ್ಮ ಹಿತ್ತಿಲು, ಗುಡ್ಡೆ, ತೋಡಿನ ಬದಿಗಳಲ್ಲಿ ತಾನಾಗಿ ಹುಟ್ಟಿ ಬೆಳೆದ ಕಾಟುಮಾವುಗಳ ಗುಂಪು. ಇವುಗಳ ಹೆಸರು ಯಾವ ಅಂಗಡಿಯಲ್ಲಿಯೂ ನಡೆಯದು. ಬಾವಿಕಟ್ಟೆಯ ಮಾವು, ಗುಡ್ಡೆಯ ಹುಳಿಮಾವು, ಸಕ್ಕರೆ ಮಾವು ಎಂದು ಮನೆಯವರೇ ಇಟ್ಟ ಹೆಸರುಗಳು ಅವು. ನೆರೆಯ ಹಿತ್ತಿಲಿಗೆ ಹೋದರೆ ಅಲ್ಲಿನ ಮರಗಳೂ ಬೇರೆ, ಹೆಸರುಗಳೂ ಬೇರೆ.

ಕಾಟುಮಾವಿನ ಹಣ್ಣು ಚಿಕ್ಕದು. ಗೊರಟು ದೊಡ್ಡದು, ನಾರು ಹೆಚ್ಚು. ಆದರೂ ನಮ್ಮ ಅಡುಗೆಮನೆ ಅದನ್ನೇ ನಂಬಿಕೊಂಡು ಬಂದಿದೆ. ಮಿಡಿಯಾಗಿರುವಾಗ ಅದು ಉಪ್ಪಿನಕಾಯಿ ಭರಣಿಗೆ ಸೇರುತ್ತದೆ. ಬೆಳೆದ ಕಾಯಿ ಉಪ್ಪುನೀರಿನಲ್ಲಿ ಮಳೆಗಾಲದವರೆಗೆ ಉಳಿಯುತ್ತದೆ. ಹಣ್ಣಾದಾಗ ಗೊಜ್ಜು, ಸಾಸಿವೆ, ಸಾರು ಆಗುತ್ತದೆ. ಉಳಿದ ರಸವನ್ನು ಚಾಪೆಯ ಮೇಲೆ ಪದರ ಪದರವಾಗಿ ಎರೆದು ಒಣಗಿಸಿದರೆ ಮಾಂಬಳ ಸಿದ್ಧ. ಇವುಗಳಲ್ಲಿ ಯಾವುದಕ್ಕೆ ಯಾವ ಮರದ ಹಣ್ಣು ಎಂಬುದು ಮನೆಯ ಹಿರಿಯರಿಗೆ ತಿಳಿದಿರುತ್ತಿತ್ತು. ಗೊಜ್ಜಿಗೆ ಹೇಳಿಸಿದ ಮರದ ಹಣ್ಣನ್ನು ಮಾಂಬಳಕ್ಕೆ ಹಾಕಿದರೆ ಅಜ್ಜಿ ಒಪ್ಪುತ್ತಿರಲಿಲ್ಲ.

ನಮ್ಮ ಮನೆಯಲ್ಲಿಯೂ ಅಂತಹ ಒಂದು ಮರವಿತ್ತು. ದನದ ಹಟ್ಟಿಯ ಪಕ್ಕದಲ್ಲಿದ್ದುದರಿಂದ ಅದನ್ನು ಹಟ್ಟಿಮಾವು ಎನ್ನುತ್ತಿದ್ದೆವು. ಹಣ್ಣು ಕೋಳಿಮೊಟ್ಟೆಗಿಂತ ಸ್ವಲ್ಪ ದೊಡ್ಡದು. ಸಿಹಿಯ ಹಿಂದೆಯೇ ತೆಳುವಾದ ಹುಳಿ, ಕೊನೆಗೆ ಕರ್ಪೂರದಂತಹ ಒಂದು ಪರಿಮಳ. ನನಗೆ ಶಾಲೆಯಲ್ಲಿ ಕೆಲಸ ಸಿಕ್ಕಿದ ವರ್ಷ ಜುಲೈ ತಿಂಗಳ ಜಡಿಮಳೆಯಲ್ಲಿ ಅಜ್ಜ ತೀರಿಕೊಂಡರು. ಮನೆಯವರು ಮರಣ ಹೊಂದಿದಾಗ ಚಿತೆಗೆ ಹಿತ್ತಿಲಿನ ಮಾವನ್ನು ಕಡಿಯುವ ರೂಢಿ ನಮ್ಮ ಕಡೆ ಇದೆ. ಹಟ್ಟಿಮಾವು ಅಂದು ಉರುಳಿತು. ಮರದಡಿಯಲ್ಲಿ ಮಳೆಗೆ ಮೊಳೆತಿದ್ದ ಗೊರಟುಗಳಲ್ಲಿ ಮೂರನ್ನು ನಾನು ತಂದು ಹಿತ್ತಿಲಿನಲ್ಲಿ ನೆಟ್ಟೆ. ಮರ ಹೋದರೇನು, ಅದರ ಮಕ್ಕಳು ಉಳಿದುವಲ್ಲ ಎಂಬ ಸಮಾಧಾನ ನನ್ನದು.

ಅವುಗಳಲ್ಲಿ ಎರಡು ಗಿಡಗಳು ಬದುಕಿದುವು. ಒಂಬತ್ತನೆಯ ವರ್ಷ ಮೊದಲ ಹಣ್ಣಾಯಿತು. ಅಮ್ಮ ಒಂದನ್ನು ಹಿಂಡಿ ಬಾಯಿಗಿಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ, “ಹಣ್ಣು ಒಳ್ಳೆಯದೇ. ಆದರೆ ಇದು ಅದಲ್ಲ” ಎಂದರು. ಇನ್ನೊಂದು ಮರದ್ದು ಬರೇ ಹುಳಿ. ಒಂದೇ ಮರದ ಗೊರಟುಗಳಿಂದ ಬಂದ ಎರಡು ಗಿಡಗಳು ತಾಯಿಯನ್ನೂ ಹೋಲಲಿಲ್ಲ, ಪರಸ್ಪರವೂ ಹೋಲಲಿಲ್ಲ. ಏಕೆ ಹೀಗಾಯಿತು?

ಉತ್ತರ ಗೊರಟಿನೊಳಗೇ ಇದೆ. ಮಾವಿನ ಒಂದು ಹೂಗೊಂಚಲಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಹೂಗಳಿರುತ್ತವೆ. ನೊಣಗಳು, ಜೇನುಗಳು ಒಂದು ಮರದ ಪರಾಗವನ್ನು ಇನ್ನೊಂದು ಮರದ ಹೂವಿಗೆ ಸಾಗಿಸುತ್ತವೆ. ಹೀಗೆ ಉಂಟಾದ ಬೀಜದಲ್ಲಿ ತಾಯಿಮರದ ಗುಣಗಳೊಂದಿಗೆ ಎಲ್ಲಿಯದೋ ತಂದೆಮರದ ಗುಣಗಳೂ ಸೇರಿಕೊಳ್ಳುತ್ತವೆ. ಅಕ್ಕತಂಗಿಯರು ಒಂದೇ ತೆರನಾಗಿ ಇರುವುದಿಲ್ಲವಷ್ಟೆ. ಇದೂ ಹಾಗೆಯೇ. ಇಂತಹ ಗೊರಟಿನಲ್ಲಿ ಒಂದೇ ಭ್ರೂಣ, ಆದುದರಿಂದ ಒಂದೇ ಮೊಳಕೆ. ಆಪೂಸು, ಬಂಗನಪಳ್ಳಿ, ನೀಲಂ, ದಶೇರಿ ಮೊದಲಾದವು ಈ ಏಕಭ್ರೂಣ ವರ್ಗದವು. ಪೇಟೆಯಿಂದ ತಂದ ಆಪೂಸಿನ ಗೊರಟನ್ನು ನೆಟ್ಟು ಆಪೂಸು ಹಣ್ಣಿಗಾಗಿ ಕಾದವರಿಗೆ ನಿರಾಶೆಯಾಗುವುದು ಇದರಿಂದಲೇ.

ಆದರೆ ಎಲ್ಲ ಗೊರಟುಗಳೂ ಹೀಗಲ್ಲ. ಕೆಲವನ್ನು ಮಣ್ಣಿನಲ್ಲಿಟ್ಟರೆ ಎರಡು, ಮೂರು, ಇನ್ನೂ ಹೆಚ್ಚು ಮೊಳಕೆಗಳು ಒಟ್ಟಿಗೆ ಬರುತ್ತವೆ. ಇವು ಬಹುಭ್ರೂಣ ವರ್ಗದವು. ಈ ಮೊಳಕೆಗಳಲ್ಲಿ ಹೆಚ್ಚಿನವು ಪರಾಗದ ನೆರವಿಲ್ಲದೆ ತಾಯಿಯ ಅಂಗಾಂಶದಿಂದಲೇ ಹುಟ್ಟಿದವು. ಆದುದರಿಂದ ಅವು ತಾಯಿಯ ತದ್ರೂಪ. ನಮ್ಮ ದೇಶದಲ್ಲಿ ಈ ಬಗೆಯ ಮಾವುಗಳು ಮುಖ್ಯವಾಗಿ ಪಶ್ಚಿಮ ಕರಾವಳಿಯಲ್ಲಿವೆ. ಒಳೂರು, ಕುರುಕ್ಕನ್, ಚಂದ್ರಕ್ಕಾರನ್, ಮೂವಾಂಡನ್, ಬಪ್ಪಕಾಯಿ ಇವು ಉದಾಹರಣೆಗಳು. ವಿಜ್ಞಾನಿಗಳ ಬಹುಭ್ರೂಣ ತಳಿಗಳ ಪಟ್ಟಿಯಲ್ಲಿ ‘ಕಾಸರಗೋಡು’, ‘ನೀಲೇಶ್ವರ ಡ್ವಾರ್ಫ್’ ಎಂಬ ಹೆಸರುಗಳೂ ಇವೆ ಎಂಬುದು ನಮಗೆ ಹೆಮ್ಮೆಯ ವಿಷಯ.

ನಿಮ್ಮ ಹಿತ್ತಿಲಿನ ಮರ ಯಾವ ವರ್ಗದ್ದು? ಇದನ್ನು ನೀವೇ ಪರೀಕ್ಷಿಸಬಹುದು. ಒಂದೇ ಮರದ ಹತ್ತು ಹಣ್ಣುಗಳ ಗೊರಟುಗಳನ್ನು ತೊಳೆದು, ನೆರಳಿನಲ್ಲಿ ಒಂದೆರಡು ದಿನ ಆರಿಸಿ, ಮರಳು ಬೆರೆಸಿದ ಮಣ್ಣಿನಲ್ಲಿಡಿ. ತಡ ಮಾಡಬಾರದು. ತಿಂಗಳು ಕಳೆದರೆ ಮಾವಿನ ಗೊರಟು ಮೊಳೆಯುವ ಶಕ್ತಿಯನ್ನು ಬೇಗನೆ ಕಳೆದುಕೊಳ್ಳುತ್ತದೆ. ಮೊಳೆತ ಮೇಲೆ ಪ್ರತಿಯೊಂದು ಗೊರಟಿನಿಂದ ಎಷ್ಟು ಮೊಳಕೆಗಳು ಬಂದಿವೆ ಎಂದು ಎಣಿಸಿ ಬರೆದಿಡಿ. ಹಲವು ಮೊಳಕೆ ಬಂದರೆ ಆ ಮರದ ರುಚಿಯನ್ನು ಗೊರಟಿನಿಂದಲೂ ಬಹುಮಟ್ಟಿಗೆ ಉಳಿಸಿಕೊಳ್ಳಬಹುದು. ಒಂದೇ ಬಂದರೆ ದಾರಿ ಒಂದೇ. ಅದು ಕಸಿ.

ಒಂದು ಗಿಡದ ಬೇರಿಗೆ ಇನ್ನೊಂದು ಮರದ ಕುಡಿಯನ್ನು ಜೋಡಿಸಿ ಒಂದೇ ಗಿಡವಾಗಿ ಬೆಳೆಸುವುದಕ್ಕೆ ಕಸಿ ಎನ್ನುತ್ತಾರೆ. ಮಾವಿಗೆ ನಮ್ಮ ಮಳೆನಾಡಿನಲ್ಲಿ ಒಗ್ಗುವುದು ಗೊರಟು ಕಸಿ. ಗಾಳಿಯಲ್ಲಿ ತೇವಾಂಶ ಹೆಚ್ಚಾಗಿರುವ ಜೂನ್‌ನಿಂದ ಆಗಸ್ಟ್‌ವರೆಗಿನ ಕಾಲ ಇದಕ್ಕೆ ಸೂಕ್ತ. ಮೊಳೆತು ಹತ್ತು ಹದಿನೈದು ದಿನಗಳಾದ, ಎಲೆ ಇನ್ನೂ ತಾಮ್ರದ ಬಣ್ಣದಲ್ಲಿರುವ ಸಸಿಯನ್ನು ಮೂಲಗಿಡವಾಗಿ ಆರಿಸಬೇಕು. ಉಳಿಸಬೇಕಾದ ಮರದಲ್ಲಿ ಸುಮಾರು ನಾಲ್ಕು ತಿಂಗಳು ಬಲಿತ, ಸಸಿಯಷ್ಟೇ ದಪ್ಪದ ಕುಡಿಯನ್ನು ಗುರುತಿಸಿ, ವಾರಕ್ಕೆ ಮೊದಲೇ ಅದರ ಎಲೆಗಳನ್ನು ತೊಟ್ಟು ಉಳಿಸಿ ಕತ್ತರಿಸಬೇಕು. ಆಗ ತುದಿಯ ಮೊಗ್ಗು ಉಬ್ಬಿಕೊಳ್ಳುತ್ತದೆ. ಬಳಿಕ ಸಸಿಯ ತಲೆಯನ್ನು ಕತ್ತರಿಸಿ, ಕಾಂಡದ ನಡುವೆ ಎರಡು ಬೆರಳಗಲದಷ್ಟು ಆಳಕ್ಕೆ ಸೀಳಬೇಕು. ಕುಡಿಯ ಬುಡವನ್ನು ಎರಡೂ ಕಡೆ ಹೆರೆದು ಬೆಣೆಯಂತೆ ಮಾಡಿ ಸೀಳಿನೊಳಗೆ ಕೂರಿಸಬೇಕು. ಸಿಪ್ಪೆಗೆ ಸಿಪ್ಪೆ ತಾಗಿರುವುದು ಬಹಳ ಮುಖ್ಯ. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಕಟ್ಟಿ, ನೆರಳಿನಲ್ಲಿಡಬೇಕು. ಮೂರು ನಾಲ್ಕು ವಾರಗಳಲ್ಲಿ ಕುಡಿ ಚಿಗುರಿದರೆ ಕಸಿ ಹಿಡಿಯಿತೆಂದು ತಿಳಿಯಬಹುದು. ಹರಿತವಾದ ಚೂರಿಯನ್ನು ಬಳಸುವ ಕೆಲಸವಿದು. ಹಿರಿಯರ ಜೊತೆಯಲ್ಲಿಯೇ ಮಾಡಿರಿ. ಮೊದಲ ಸಲ ಹತ್ತರಲ್ಲಿ ಎರಡು ಹಿಡಿದರೂ ಬೇಸರಿಸಬೇಡಿ.

ಇಷ್ಟನ್ನು ಕಲಿತ ಮೇಲೆ ನನಗೆ ಅಜ್ಜ ತೀರಿಕೊಂಡ ದಿನ ಮತ್ತೆ ನೆನಪಾಯಿತು. ಅದು ಜುಲೈ ತಿಂಗಳು. ಅಂಗಳದಲ್ಲಿ ಬಿದ್ದಿದ್ದ ಕೊಂಬೆಗಳಲ್ಲಿ ಕುಡಿಗಳು ನೂರಾರು ಇದ್ದುವು. ಕೆಳಗೆ ಮೊಳೆತ ಸಸಿಗಳೂ ಇದ್ದುವು. ಅವೆರಡನ್ನು ಜೋಡಿಸುವ ಕೈಗೆಲಸ ಮಾತ್ರ ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ.

ಕಸಿಗಿಡವನ್ನು ಮುಂದಿನ ಮಳೆಗಾಲದ ಆರಂಭದಲ್ಲಿ ನೆಡಬಹುದು. ಒಂದು ಮೀಟರ್ ಉದ್ದ, ಅಗಲ, ಆಳದ ಹೊಂಡ ತೆಗೆದು, ಮೇಲ್ಮಣ್ಣು ಮತ್ತು ಹಟ್ಟಿಗೊಬ್ಬರ ತುಂಬಿಸಿ ನೆಡಬೇಕು. ಕಸಿಯ ಗಂಟು ಮಣ್ಣಿನಿಂದ ಮೇಲಿರಲಿ. ಗಂಟಿನ ಕೆಳಗೆ ಹೊರಡುವ ಚಿಗುರುಗಳು ಮೂಲಗಿಡದವು. ಅವನ್ನು ಆಗಾಗ ಚಿವುಟಬೇಕು. ಇಲ್ಲವಾದರೆ ಅವೇ ಬೆಳೆದು, ನೀವು ಬಯಸಿದ ಕುಡಿ ಸೊರಗುತ್ತದೆ. ಮರದಿಂದ ಮರಕ್ಕೆ ಒಂಬತ್ತು ಮೀಟರ್ ಅಂತರ ಬೇಕು. ಅಂಗಳ ಚಿಕ್ಕದಾದರೆ ಆಮ್ರಪಾಲಿಯಂತಹ ಗಿಡ್ಡ ತಳಿಯನ್ನು ಆರಿಸಿಕೊಳ್ಳಬಹುದು. ದಶೇರಿ ಮತ್ತು ನೀಲಂ ತಳಿಗಳನ್ನು ಕೂಡಿಸಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು 1970ರ ದಶಕದಲ್ಲಿ ಮಲ್ಲಿಕಾ, ಆಮ್ರಪಾಲಿ ಎರಡನ್ನೂ ಹೊರತಂದಿತು. ಮೊದಲ ಎರಡು ಮೂರು ವರ್ಷಗಳ ಹೂವನ್ನು ಚಿವುಟಿ ತೆಗೆದರೆ ಗಿಡ ಬಲಗೊಳ್ಳುತ್ತದೆ. ಹೂವರಳಿದ ಕಾಲದಲ್ಲಿ ಕೀಟನಾಶಕ ಸಿಂಪಡಿಸಬಾರದು. ಪರಾಗ ಸಾಗಿಸುವ ಜೇನು, ನೊಣಗಳೂ ಅದರಿಂದ ಸಾಯುತ್ತವೆ.

ಕಾಯಿ ಕೊಯ್ಯುವಾಗ ತೊಟ್ಟಿನೊಂದಿಗೆ ಕೊಯ್ಯಿರಿ. ಮಾವು ಗೇರಿನ ಕುಟುಂಬಕ್ಕೆ ಸೇರಿದ ಮರ. ಗೇರಿನ ಎಣ್ಣೆಯಂತೆ ಮಾವಿನ ಸೊನೆಯೂ ಚರ್ಮವನ್ನು ಸುಡುತ್ತದೆ, ಸೊನೆ ತಾಗಿದ ಹಣ್ಣು ಕಪ್ಪಾಗುತ್ತದೆ. ಕೊಯ್ದ ಕಾಯಿಗಳನ್ನು ಬೈಹುಲ್ಲಿನಲ್ಲಿಟ್ಟರೆ ಕೆಲವೇ ದಿನಗಳಲ್ಲಿ ಹಣ್ಣಾಗುತ್ತವೆ. ಕಾಯಿಯೊಳಗಿನ ಪಿಷ್ಟ ಸಕ್ಕರೆಯಾಗಿ, ಹುಳಿ ಕಡಿಮೆಯಾಗಿ, ಪರಿಮಳ ಮೂಡುವುದು ಈ ದಿನಗಳಲ್ಲಿಯೇ. ಕ್ಯಾಲ್ಸಿಯಂ ಕಾರ್ಬೈಡ್ ಬಳಸಿ ಹಣ್ಣು ಮಾಡುವುದನ್ನು ನಮ್ಮ ದೇಶದ ಕಾನೂನು ನಿಷೇಧಿಸಿದೆ.

ಇನ್ನು ರುಚಿ ನೋಡುವ ಬಗೆ. ಇದರಲ್ಲಿ ಕಲಿಯುವುದೇನಿದೆ ಎಂದು ನೀವು ನಗಬಹುದು. ಮೂರು ನಾಲ್ಕು ಮರಗಳ, ಒಂದೇ ಹದಕ್ಕೆ ಮಾಗಿದ ಹಣ್ಣುಗಳನ್ನು ಸಾಲಾಗಿ ಇಡಿ. ಫ್ರಿಜ್ಜಿನಲ್ಲಿಟ್ಟ ಹಣ್ಣು ಬೇಡ. ತಂಪಿನಲ್ಲಿ ಪರಿಮಳ ಅಡಗುತ್ತದೆ. ಮೊದಲು ತೊಟ್ಟಿನ ಬಳಿ ಮೂಸಿ ನೋಡಿ. ಬಳಿಕ ತುದಿಯ ತಿರುಳನ್ನೂ ಗೊರಟಿನ ಹತ್ತಿರದ ತಿರುಳನ್ನೂ ಬೇರೆ ಬೇರೆಯಾಗಿ ತಿನ್ನಿ. ಗೊರಟಿನ ಬಳಿ ಹುಳಿ ಹೆಚ್ಚೇ? ನಾರು ಹಲ್ಲಿಗೆ ಸಿಕ್ಕುತ್ತದೆಯೇ? ನುಂಗಿದ ಮೇಲೆ ಬಾಯಲ್ಲಿ ಏನು ಉಳಿಯಿತು? ಒಂದರಿಂದ ಇನ್ನೊಂದಕ್ಕೆ ಹೋಗುವ ಮೊದಲು ನೀರಿನಿಂದ ಬಾಯಿ ಮುಕ್ಕಳಿಸಿ. ಮರದ ಹೆಸರು, ಹಣ್ಣಾದ ತಿಂಗಳು, ಬಣ್ಣ, ಪರಿಮಳ, ಯಾವ ಅಡುಗೆಗೆ ಒಗ್ಗುತ್ತದೆ ಎಂಬುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಿರಿ. ಹಿರಿಯರು ಬಳಸುವ ಮಾತುಗಳನ್ನೇ ಬರೆದುಕೊಳ್ಳಿ. ಯಾವ ಮರವನ್ನು ಉಳಿಸಬೇಕೆಂದು ತೀರ್ಮಾನಿಸಲು ಈ ಪುಸ್ತಕ ನಿಮಗೆ ನೆರವಾಗುತ್ತದೆ.

ಉಳಿಸುವ ಕೆಲಸ ಈಗ ಅವಸರದ್ದಾಗಿದೆ. ಮನೆ, ರಸ್ತೆ, ರಬ್ಬರ್ ತೋಟಗಳಿಗಾಗಿ ಹಳೆಯ ಮಾವಿನ ಮರಗಳು ಉರುಳುತ್ತಿವೆ. ಕವಯಿತ್ರಿ ಸುಗತಕುಮಾರಿಯವರು 2006ರಲ್ಲಿ ಕಾಸರಗೋಡು ಪೇಟೆಯಲ್ಲಿ ಒಂದು ಮಾವಿನ ಸಸಿಯನ್ನು ನೆಟ್ಟು ಅದಕ್ಕೆ ‘ಪಯಸ್ವಿನಿ’ ಎಂದು ನಮ್ಮ ಹೊಳೆಯ ಹೆಸರನ್ನಿಟ್ಟಿದ್ದರು. ಅವರು 2020ರಲ್ಲಿ ನಿಧನ ಹೊಂದಿದರು. ಹೆದ್ದಾರಿ ಅಗಲವಾಗುವಾಗ 2022ರಲ್ಲಿ ಆ ಮರವನ್ನು ಬೇರುಸಹಿತ ಎತ್ತಿ ಅಡ್ಕತ್ತಬೈಲಿನ ಶಾಲೆಯ ಆವರಣದಲ್ಲಿ ನೆಡಲಾಯಿತು. ಎಲ್ಲ ಮರಗಳನ್ನೂ ಹೀಗೆ ಎತ್ತಿ ಒಯ್ಯಲು ಸಾಧ್ಯವಿಲ್ಲ. ಆದರೆ ಎಂತಹ ದೊಡ್ಡ ಮರವನ್ನಾದರೂ ಒಂದು ಗೇಣುದ್ದದ ಕುಡಿಯಾಗಿ ಕೈಯಲ್ಲಿ ಹಿಡಿದು ಒಯ್ಯಬಹುದು. ನೆರೆಯ ಕಣ್ಣೂರು ಜಿಲ್ಲೆಯ ಕಣ್ಣಪುರದಲ್ಲಿ ಊರವರು ಸೇರಿ ತಮ್ಮ ಹಿತ್ತಿಲುಗಳ ನಾಟಿ ಮಾವುಗಳನ್ನು ಗುರುತಿಸಿ ಕಸಿ ಮಾಡಿ ಉಳಿಸಿದರು. 2020ರಲ್ಲಿ ಆ ಊರನ್ನು ನಾಟಿ ಮಾವಿನ ಪಾರಂಪರಿಕ ಪ್ರದೇಶವೆಂದು ಘೋಷಿಸಲಾಯಿತು. ಉತ್ತರ ಪ್ರದೇಶದ ಮಲಿಹಾಬಾದಿನ ತೋಟಗಾರ ಕಲೀಮುಲ್ಲಾ ಖಾನರು ಒಂದೇ ಮರದ ಕೊಂಬೆಗಳಿಗೆ 300ಕ್ಕೂ ಹೆಚ್ಚು ತಳಿಗಳನ್ನು ಕಸಿ ಮಾಡಿದ್ದಾರೆ. ಅವರಿಗೆ 2008ರಲ್ಲಿ ಪದ್ಮಶ್ರೀ ಪ್ರಶಸ್ತಿ ದೊರೆಯಿತು. ಜಾಗವಿಲ್ಲ ಎನ್ನುವವರಿಗೆ ಆ ಮರವೇ ಉತ್ತರ.

ನಮ್ಮ ಹಿತ್ತಿಲಿನ ಆ ಎರಡು ಮರಗಳು ಈಗಲೂ ಇವೆ. ಅಮ್ಮ “ಒಳ್ಳೆಯದೇ” ಎಂದ ಮರದಿಂದ ಕಳೆದ ಮಳೆಗಾಲದಲ್ಲಿ ಐದು ಕಸಿಗಿಡ ಮಾಡಿ ನಾಲ್ಕನ್ನು ನೆರೆಮನೆಗಳಿಗೆ ಕೊಟ್ಟೆ. ಒಂದೇ ಮರದಲ್ಲಿರುವ ರುಚಿ ಒಂದೇ ಗಾಳಿಗೆ ಹೋಗಬಹುದು, ಐದು ಹಿತ್ತಿಲಿನಲ್ಲಿದ್ದರೆ ಉಳಿಯಬಹುದು. ಹಟ್ಟಿಮಾವು ಮಾತ್ರ ಮತ್ತೆ ಬಾರದು. ನಿಮ್ಮ ಮನೆಯಲ್ಲಿ ಅಂತಹದೊಂದು ಮರ ಇನ್ನೂ ನಿಂತಿದ್ದರೆ, ಈ ಪಾಠ ಮುಗಿಸಿ ಮನೆಗೆ ಹೋದವರೇ ಅದರ ಹೆಸರೇನೆಂದು ಅಜ್ಜಿಯನ್ನು ಕೇಳಿರಿ.